ಬೆಚ್ಚಗಿನ ಬಕೆಟ್ಟು

ಒಣಗಿದ ಟವೆಲ್ಲಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಮೊಮ್ಮಗಳ ಕೈಯಲ್ಲಿ. ಕೊಡವಿ ಮಡಚುವಷ್ಟರಲ್ಲಿ ಮಳೆ ಹೊಡೆಯಿತು. ಸಮುದ್ರದಲ್ಲಿ ಈಜಲೆಂದು ಬಂದವರೆಲ್ಲ ಟವೆಲ್ ಬಾಡಿಗೆಗೆ ಕೊಡುವ ನಮ್ಮ ಕೋಣೆಗೆ ನುಗ್ಗಿದರು. ಎದುರಿನ ಟೀ ಅಂಗಡಿಯವನೂ ಕೆಟಲ್ ಸಮೇತ ಒಳಗೆ ಬಂದ. ಸಂಜೆಗೆ ಇನ್ನೂ ಹೊತ್ತಿದ್ದರೂ ಕೋಣೆಯೆಲ್ಲ ಮಬ್ಬಾಯಿತು.

ಚಳಿಗಾಲ ಕಳೆದು ಬಿಸಿಲು ಆಗಷ್ಟೇ ಚುರುಕಾಗಿದ್ದ ದಿನಗಳು. ನಮ್ಮ ಕೋಣೆಯ ಮುಂದೆ ನೀರಿಗಿಳಿಯುವ ಮೆಟ್ಟಿಲು, ಅದರ ಪಕ್ಕ ಒಂದು ಕಪ್ಪು ಹಲಗೆ. ಬಕೆಟ್ಟು ಇಳಿಸಿ ನೀರು ಸೇದಿ, ಥರ್ಮಾಮೀಟರ್ ಅದ್ದಿ, ಸಮುದ್ರ ಎಷ್ಟು ಬೆಚ್ಚಗಿದೆ, ಇಳಿಯಬಹುದೋ ಬಾರದೋ ಎಂದು ಹಲಗೆಯ ಮೇಲೆ ಬರೆಯುವುದು ನನ್ನ ಕೆಲಸ. ಆ ಕೆಲಸವನ್ನು ಮೊಮ್ಮಗಳಿಗೆ ಕೊಡಿ ಎಂದು ಪುರಸಭೆ ಕಚೇರಿಗೆ ನಾನು ಬರೆದ ಕಾಗದ ಟವೆಲ್ ಬೀರುವಿನಲ್ಲಿ ವರ್ಷಗಳಿಂದ ಬಿದ್ದಿತ್ತು. ಬಕೆಟ್ಟನ್ನು ಅವಳ ಕೈಗೆ ಒಮ್ಮೆಯೂ ಕೊಟ್ಟಿರಲಿಲ್ಲ.

"ಅಜ್ಜಿ, ಆ ಕಾಗದ ಹಳದಿಯಾಯ್ತು. ನನ್ನ ಮೊಮ್ಮಕ್ಕಳ ಕೈಲಿ ಅಂಚೆಗೆ ಹಾಕಿಸ್ತೀಯಾ?" ಎಂದಳು. ಎಲ್ಲರೂ ನಕ್ಕರು.

"ನೆತ್ತಿ ಸುಡೋ ಬಿಸಿಲಲ್ಲೂ ಹದಿನಾಲ್ಕು ಡಿಗ್ರಿ, ಹದಿನಾಲ್ಕು ಡಿಗ್ರಿ ಅಂತಾನೇ ಬರೀತೀಯಲ್ಲ ತಾಯಿ," ಎಂದ ಟೀಯವನು. "ನಿನ್ನ ಬಕೆಟ್ಟಿಗೆ ಜ್ವರಾನೇ ಬರಲ್ವಾ?"

"ಬರುತ್ತೆ," ಎಂದೆ. "ವರ್ಷಕ್ಕೊಂದು ಸಲ ಬರುತ್ತೆ. ಕೂತ್ಕೊಳ್ಳಿ, ಹೇಳ್ತೀನಿ."

ಮಳೆ ಬಿಡುವಂತಿರಲಿಲ್ಲ. ಕೂತರು.

"ನಾನು ಸೊಸೆಯಾಗಿ ಬಂದಾಗ ಬಕೆಟ್ಟು ನಮ್ಮತ್ತೆ ಕೈಲಿತ್ತು. ನನಗಾಗ ಅಂಕಿ ಓದೋಕೂ ಬರ್ತಿರಲಿಲ್ಲ, ರಾತ್ರಿ ಶಾಲೆಗೆ ಹೋಗಿದ್ದೆಲ್ಲ ಆಮೇಲೆ. ಅತ್ತೆ ಹೇಳೋರು, ಸಮುದ್ರ ಮಹಾ ಸೋಮಾರಿ ಕಣೇ, ನೆಲಕ್ಕೆ ಬಿಸಿಲು ಬಂದು ತಿಂಗಳುಗಟ್ಟಲೆ ಆದ್ರೂ ಅದು ಚಳಿಗಾಲದ ಹೊದಿಕೆ ಬಿಟ್ಟು ಏಳಲ್ಲ, ಬೇಸಿಗೆ ಮುಗಿದು ಜನ ಮನೆ ಸೇರ್ಕೊಂಡ ಮೇಲೆ ಅದು ಬೆಚ್ಚಗಾಗುತ್ತೆ ಅಂತ. ಅದಕ್ಕೇ ಈ ಮೊದಲ ಬಿಸಿಲೇ ಕೆಟ್ಟದ್ದು... ಮೈ ಸುಡ್ತಿರುತ್ತೆ, ನೀರು ಕೊರೀತಿರುತ್ತೆ. ಧುಮುಕಿದ ಕೂಡ್ಲೇ ಉಸಿರು ಕಟ್ಟಿಬಿಡುತ್ತೆ. ಈಜು ಬಂದ್ರೇನು, ಬರದಿದ್ರೇನು?

"ಒಬ್ಬ ಈಜು ಮೇಷ್ಟ್ರಿದ್ದ. ಎತ್ತರದ ಆಳು, ಬಾಯಿ ತುಂಬ ನಗು. ಹಲಗೆ ಓದಿ, 'ಅಮ್ಮಾ, ಇದು ನಿಮ್ಮ ಮೂಳೆಯ ಚಳಿ, ಸಮುದ್ರದ್ದಲ್ಲ' ಅಂತ ಅತ್ತೇನ ರೇಗಿಸೋನು. ಹೀಗೇ ಒಂದು ಬಿಸಿಲಿನ ದಿನ ರೇಗಿಸಿ ಹೋಗಿ ಧುಮುಕಿದ. ತಲೆ ಒಂದು ಸಲ ಮೇಲೆ ಬಂತು. ಬಾಯಿ ತೆರೆದೇ ಇತ್ತು, ಕೂಗು ಬರಲಿಲ್ಲ... ಅಷ್ಟೇ. ಹೆಣ ಕೂಡ ಸಿಗಲಿಲ್ಲ.

"ಮಾರನೇ ವರ್ಷ ಇದೇ ಕಾಲ. ಅತ್ತೆ ನೀರು ಸೇದಿದ್ರು. ಥರ್ಮಾಮೀಟರು ಏರ್ತು... ಏರ್ತು... ನಮ್ಮ ಮೈಯೊಳಗಿನ ಬಿಸಿ ಇದೆಯಲ್ಲ, ಸರಿಯಾಗಿ ಅಲ್ಲಿಗೆ ಬಂದು ನಿಂತಿತು. ಯಾವ ಸಮುದ್ರ ಹಾಗಿರುತ್ತೆ, ಹೇಳಿ? ಆದ್ರೆ ಅತ್ತೆ, ಕಣ್ಣಿಗೆ ಕಂಡದ್ದನ್ನ ಬರೆಯೋ ಹೆಂಗಸು. ಬೆಚ್ಚಗಿದೆ, ಇಳೀಬಹುದು ಅಂತ ಬರೆದುಬಿಟ್ರು. ದರ್ಜಿಯ ಮಗಳು ಓದ್ಕೊಂಡು ಇಳಿದಳು. ಸೊಂಟದವರೆಗೆ ಹೋಗಿ ನನ್ನ ಕಡೆ ತಿರುಗಿ ನಕ್ಕಳು. 'ಯಾರೋ ತಬ್ಬಿಕೊಂಡ ಹಾಗಿದೆ ಅಕ್ಕಾ' ಅಂದಳು... ಒಂದು ಅಲೆ ಕೂಡ ಇರಲಿಲ್ಲ ಕಣ್ರೀ. ನಿಂತಲ್ಲೇ ಒಳಗೆ ಹೋದಳು. ಎತ್ತಿ ತಂದಾಗ ತುಟಿ ನೀಲಿ, ಮೈ ಕಲ್ಲಿನ ಹಾಗೆ ತಣ್ಣಗೆ.

"ಅವತ್ತು ಅತ್ತೆ ಹೇಳಿದ್ರು. ಆ ಮೇಷ್ಟ್ರ ಮೈಯಿಂದ ಸಮುದ್ರ ಹೀರಿದ ಬಿಸಿ ಕರಗಿ ಹೋಗಿಲ್ಲ ಕಣೇ, ಅದು ಮೈ ಹುಡುಕ್ಕೊಂಡು ಅಲೀತಿದೆ. ಬಕೆಟ್ಟಿಗೆ ಬಂದ್ರೆ ಕಿರುಚಬೇಡ, ಬೈಬೇಡ. ಮೆಲ್ಲಗೆ ವಾಪಸ್ ಸುರಿ. ಇನ್ನೊಂದು ಸೇದು, ಅದನ್ನ ಬರಿ. ಮೊದಲನೇದರಲ್ಲಿ ಕೈ ಮಾತ್ರ ಇಟ್ಟುಕೊಂಡಿರಬೇಡ... ತೆಗೆಯೋಕೆ ಮನಸ್ಸಾಗಲ್ಲ ಅಂತ."

ಟೀಯವನ ಲೋಟ ಬಾಯಿಗೂ ಹೋಗದೆ ಕೆಳಗೂ ಇಳಿಯದೆ ನಿಂತಿತ್ತು.

"ಥರ್ಮಾಮೀಟರ್ ಕೆಟ್ಟಿರುತ್ತೆ ಅಜ್ಜಿ," ಎಂದಳು ಮೊಮ್ಮಗಳು.

"ನೋಡಿದ್ಯಾ? ಹೊಸಬರು ಒಂದೋ ಅದನ್ನ ನಂಬ್ತಾರೆ, ಇಲ್ಲ ಕೆಟ್ಟಿದೆ ಅಂತಾರೆ. ಕಾಗದ ಬೀರುವಿನಲ್ಲಿರೋದು ಅದಕ್ಕೇ."

ಮಳೆ ಫಕ್ಕನೆ ನಿಂತು ಬಿಸಿಲು ಬಿತ್ತು. ಹಲಗೆಯ ಮೇಲಿನದೆಲ್ಲ ತೊಳೆದು ಹೋಗಿತ್ತು. ಈಜಲು ಬಂದವರು ಟವೆಲ್ ಹೆಗಲಿಗೇರಿಸಿ ಬಾಗಿಲಲ್ಲಿ ಕಾದು ನಿಂತರು. ಏಳಹೋದೆ, ಮಂಡಿ ಕೇಳಲಿಲ್ಲ. ಮೊಮ್ಮಗಳು ಮೊಳೆಯಿಂದ ಬಕೆಟ್ಟು ತೆಗೆದುಕೊಂಡಳು. ನಾನು ತಡೆಯಲಿಲ್ಲ.

ಕಿಟಕಿಯಿಂದ ನೋಡುತ್ತಿದ್ದೆ. ಸೇದಿದಳು. ಥರ್ಮಾಮೀಟರ್ ಅದ್ದಿದಳು, ಕಣ್ಣಿನ ಹತ್ತಿರ ತಂದಳು, ಮತ್ತೆ ಅದ್ದಿದಳು. ಆಮೇಲೆ ಬಲಗೈ ಇಳಿಸಿದಳು... ತೆಗೆಯಲಿಲ್ಲ.

"ಕೈ ತೆಗಿಯೇ!" ಎಂದು ಕೂಗಿದೆ.

ಬೆಚ್ಚಿಬಿದ್ದು ಕೈ ಕಿತ್ತುಕೊಂಡಳು. ಕೆಳಗಿನ ಮೆಟ್ಟಿಲಿನಲ್ಲಿ ಮಂಡಿಯೂರಿ, ನಿದ್ದೆ ಹೋದ ಮಗುವನ್ನು ಮಲಗಿಸುವವಳ ಹಾಗೆ, ಬಕೆಟ್ಟನ್ನು ಮೆಲ್ಲಗೆ ಬಾಗಿಸಿದಳು. ಮತ್ತೊಮ್ಮೆ ಸೇದಿದಳು. ಹಲಗೆ ಒರೆಸಿ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದಳು: ಹದಿನಾಲ್ಕು. ಇಳಿಯಬೇಡಿ.

"ಇಷ್ಟು ಬಿಸಿಲಲ್ಲೂ!" ಎಂದು ಯಾರೋ ಗೊಣಗುತ್ತಾ ಚಪ್ಪಲಿ ಮೆಟ್ಟಿಕೊಂಡರು. ಬೈದುಕೊಂಡೇ ಹೋದರು, ಎಲ್ಲರೂ ಮನೆಗೆ ಹೋದರು.

ಅವಳು ಒಳಗೆ ಬಂದು ಬಕೆಟ್ಟನ್ನು ಮೊಳೆಗೆ ತೂಗುಹಾಕಿದಳು. ನಾನು ಬೀರು ತೆಗೆದು ಕಾಗದ ಹುಡುಕಿ, ಅವಳ ಬಲಗೈ ಹಿಡಿದುಕೊಂಡೇ ಬೀದಿ ತಿರುವಿನವರೆಗೆ ಕುಂಟುತ್ತಾ ಹೋದೆ. ಅಂಚೆ ಡಬ್ಬಿಯೊಳಗೆ ಕಾಗದ ಬಿದ್ದ ಸದ್ದು ಕೇಳುವವರೆಗೂ ಆ ಕೈ ಬಿಡಲಿಲ್ಲ.

ಅದು ಇನ್ನೂ ಬೆಚ್ಚಗೇ ಇತ್ತು.