ಭರಮಮ್ಮನ ಬಾಡಿಗೆ ಇಂಜಿನ್

ಕಡ್ಡಿರಾಂಪುರದ ಹೊರಗೆ, ಹೊಲದ ದಾರಿಯಲ್ಲಿ ಒಂದು ಹಾಳು ಬಾವಿ ಇದೆ. ಆ ರಾತ್ರಿ ಹಾಲೇಶ ಅದನ್ನು ದಾಟಿಕೊಂಡು ಒಬ್ಬನೇ ನಡೆದ. ಹಾಲೇಶ ನಮ್ಮ ಪಕ್ಕದ ಮನೆಯವನು. ಕಮಲಾಪುರದವನು. ಸುಳ್ಳು ಕಟ್ಟುವಷ್ಟು ಮಾತು ಅವನಿಗೆ ಬರುವುದಿಲ್ಲ.

ಬಾವಿಯೊಳಗೆ ಪಾರಿವಾಳ ರೆಕ್ಕೆ ಬಡಿದವು. ಪಟಪಟ... ಪಟ... ಆಮೇಲೆ ಸುಮ್ಮನಾದವು.

ಹಾಲೇಶ ತಿರುಗಿ ನೋಡಲಿಲ್ಲ. ಆಕಾಶ ನೋಡುತ್ತಿದ್ದ. ಕಂಪ್ಲಿ ಕಡೆ ಮಿಂಚುತ್ತಿತ್ತು. ಅಲ್ಲೇ, ಕಂಪ್ಲಿ ರಸ್ತೆಯ ಪಕ್ಕದ ಗದ್ದೆಯಲ್ಲಿ ಅವನ ಟ್ರೇಲರ್ ನಿಂತಿತ್ತು. ಅದರ ತುಂಬ ಭತ್ತ. ಕಾವಲಿಗೆ ತಮ್ಮ ಮುರುಗೇಶ. ಎಳೆಯಬೇಕಾದ ಟ್ರ್ಯಾಕ್ಟರ್, ನಮ್ಮ ಕಡೆ ಇಂಜಿನ್ ಅನ್ನುವುದು, ಅದು ಮಾತ್ರ ಕ್ಲಚ್ ಸುಟ್ಟುಕೊಂಡು ಮೆಕ್ಯಾನಿಕ್ ಗಾದಿಲಿಂಗಪ್ಪನ ಅಂಗಡಿಯಲ್ಲಿ ಬಿಚ್ಚಿ ಬಿದ್ದಿತ್ತು. ಒಂದು ಜೋರು ಮಳೆ ಬಂದರೆ ಭತ್ತ ಮೊಳಕೆ. ರೈಸ್‌ಮಿಲ್ಲಿನವರು ಮುಟ್ಟುವುದಿಲ್ಲ. ವರ್ಷದ ದುಡಿಮೆ ಎಮ್ಮೆಗೆ ಹಾಕಬೇಕು.

ಕೊಯ್ಲಿನ ಕಾಲ. ಊರಿನ ಇಂಜಿನ್‌ಗಳೆಲ್ಲ ಯಾರದೋ ಗದ್ದೆಯಲ್ಲಿದ್ದವು. ಬಾಡಿಗೆಗೆ ಒಂದು ಸಣ್ಣದು ಸಿಕ್ಕಿತ್ತು. ಗಾದಿಲಿಂಗಪ್ಪ ಬೇಡ ಅಂದ.

"ಅದರ ಕೈಲಿ ಆಗಂಗಿಲ್ಲಪ. ಕೆಸರಾಗ ಆ ಲೋಡ್ ಎಳೆದ್ರ ಮುಂದಿನ ಗಾಲಿ ಎದ್ದು ನಿಂದ್ರತಾವ. ಭರಮಮ್ಮಂದು ಐತಲ್ಲ, ಅದನ್ನ ಕೇಳು. ಸಂಡೂರು ಗಣಿಯಾಗ ನೀರಿನ ಟ್ಯಾಂಕರ್ ಎಳಕೊಂಡು ಗುಡ್ಡ ಹತ್ತಿದ್ದು."

"ಕೊಡ್ತಾಳೇನು?"

"ಹಗಲೊತ್ತು ಕೊಡ್ತಾಳ."

"ರಾತ್ರಿ?"

ಗಾದಿಲಿಂಗಪ್ಪ ನಟ್ಟು ಬಿಚ್ಚುವ ಪಾನಾ ಒರೆಸಿದ. "ರಾತ್ರಿ ಯಾರೂ ಕೇಳಂಗಿಲ್ಲ."

ಹಾಲೇಶ ಕೇಳಲು ಹೊರಟಿದ್ದ.

ಭರಮಮ್ಮ ಹೊಲದ ಮನೆಯ ಬಾಗಿಲಲ್ಲೇ ಕೂತಿದ್ದಳು. ಗಂಡ ಸತ್ತ ಮೇಲೆ ಒಬ್ಬಳೇ. ಇಂಜಿನ್ ಕೀಲಿ ಅವಳ ಸೊಂಟದಲ್ಲಿ. ಅವನು ಹೇಳಿದ್ದೆಲ್ಲ ಕೇಳಿ, ಸಣ್ಣ ದನಿಯಲ್ಲಿ ಒಂದೇ ಮಾತು ಕೇಳಿದಳು.

"ಕೊಂಡಿ ಯಾರು ಹಾಕ್ತಾರ?"

"ನನ್ನ ತಮ್ಮ."

"ಎಚ್ಚರ ಇರ್ತಾನೇನು?"

"ಎಮ್ಮಿ ಮ್ಯಾಲ ಕುಂದ್ರಿಸಿದ್ರೂ ನಿದ್ದಿ ಮಾಡ್ತಾನ್ರಿ. ಒದ್ದು ಎಬ್ಬಿಸ್ತೀನಿ."

ಭರಮಮ್ಮ ನಗಲಿಲ್ಲ.

ಟ್ರೇಲರಿಗೆ ಇಂಜಿನ್ ಜೋಡಿಸಲು ಇಬ್ಬರು ಬೇಕು. ಒಬ್ಬ ಇಂಜಿನ್ ಮೇಲೆ. ಇನ್ನೊಬ್ಬ ಹಿಂದೆ, ಟ್ರೇಲರಿನ ಮೂತಿಯ ಹತ್ತಿರ. ಕತ್ತಲಲ್ಲಿ ಮೇಲಿನವನಿಗೆ ಹಿಂದಿನದು ಕಾಣುವುದಿಲ್ಲ. ಕೆಳಗಿನವನು "ಬರ್ಲಿ, ಬರ್ಲಿ" ಅಂದರೆ ಹಿಂದಕ್ಕೆ ಬರಬೇಕು. ಮಡ್‌ಗಾರ್ಡ್ ಮೇಲೆ ಅಂಗೈ ಬಡಿದರೆ ನಿಲ್ಲಬೇಕು. ಆಮೇಲೆ ಮೂತಿಯೂ ಇಂಜಿನ್ನಿನ ಕೊಂಡಿಯೂ ಕೂಡಿದಲ್ಲಿ ಪಿನ್ನು ಬೀಳುತ್ತದೆ. ನಮ್ಮ ಕಡೆ ಎಲ್ಲರೂ ಹೀಗೆಯೇ ಮಾಡುವುದು. ದನಿಯನ್ನು ನಂಬುತ್ತಾರೆ.

"ದನಿ ಕೇಳಿ ಹಿಂದಕ್ಕ ಬರಬ್ಯಾಡ," ಅಂದಳು ಭರಮಮ್ಮ. "ಮೊದಲು ಇಳಿ. ತಮ್ಮನ ಮುಖ ನೋಡು. ಆಮ್ಯಾಲ ಹತ್ತು."

"ಯಾಕ್ರೀ ಅಮ್ಮ?"

"ನಮ್ಮ ಮನಿಯವರು ಹಂಗ ಹೋದ್ರು. ಸಂಡೂರಾಗ. ಟ್ಯಾಂಕರ್‌ಗೂ ಇದ ಇಂಜಿನ್ನಿಗೂ ನಡುವ ಸಿಕ್ಕು..." ಆಕೆ ಕೀಲಿ ಬಿಚ್ಚಿದಳು. "ಬರ್ಲಿ ಅಂತ ಕೇಳಿಸ್ತು ಅಂದ, ಡ್ರೈವರ್. ನಾನು ಬುತ್ತಿ ಹಿಡಕೊಂಡು ಅಲ್ಲೇ ನಿಂತಿದ್ದೆ. ಅವರು ಬಾಯಿ ಬಿಟ್ಟಿದ್ದಿಲ್ಲ. ಬಗ್ಗಿ ಕೊಂಡಿಗೆ ಗ್ರೀಸ್ ಹಚ್ಚಾಕತ್ತಿದ್ರು."

ಹಾಲೇಶ ಕೀಲಿಗೆ ಕೈ ಚಾಚಿದ. ಆಕೆ ಕೊಡಲಿಲ್ಲ.

"ಮುಖ ನೋಡ್ತೀನಿ ಅಂತ ಹೇಳು."

"ನೋಡ್ತೀನ್ರಿ."

ಕೀಲಿ ಕೊಟ್ಟಳು.

ಇಂಜಿನ್ ಹಳೆಯದು. ಆದರೆ ಒಂದೇ ಏಟಿಗೆ ಎದ್ದಿತು. ದಡ್ ದಡ್ ದಡ್... ಕಮಲಾಪುರ ದಾಟಿ, ಕಂಪ್ಲಿ ರಸ್ತೆ ಹಿಡಿದು, ಗದ್ದೆಗೆ ಇಳಿದ. ದೀಪದ ಬೆಳಕಿನಲ್ಲಿ ಕರಿ ಕೆಸರು ಹೊಳೆಯಿತು. ಕಪ್ಪೆಗಳು ಒಮ್ಮೆಲೇ ಬಾಯಿ ಮುಚ್ಚಿದವು. ಟ್ರೇಲರ್ ನಿಂತಲ್ಲೇ ಇತ್ತು. ಭತ್ತಕ್ಕೆ ಹೊದಿಸಿದ ತಾಡಪತ್ರಿಯ ಒಂದು ತುದಿ ಗಾಳಿಗೆ ಬಡಿಯುತ್ತಿತ್ತು. ಫಡ್... ಫಡ್...

"ಮುರುಗಾ!"

ಉತ್ತರ ಇಲ್ಲ.

ಇಂಜಿನ್ ತಿರುಗಿಸಿ ಟ್ರೇಲರಿಗೆ ಬೆನ್ನು ಕೊಟ್ಟು ನಿಲ್ಲಿಸಿದ. ಈಗ ದೀಪ ಮುಂದಕ್ಕೆ. ಹಿಂದೆ ಬರೀ ಕತ್ತಲು. ಇಳಿಯಬೇಕು ಅಂತಲೇ ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಬಿಸಿ ಸೈಲೆನ್ಸರ್ ಮೇಲೆ ಒಂದು ಹನಿ ಬಿತ್ತು. ಚುಂಯ್... ಇನ್ನೊಂದು ಬಿತ್ತು. ಮಳೆ ಬಂದೇಬಿಟ್ಟಿತು.

ಆಗ ಹಿಂದಿನಿಂದ...

"ಬರ್ಲಿ..."

ಮುರುಗೇಶನದೇ ದನಿ. ನಿದ್ದೆಗಣ್ಣಿನ ದನಿ, ಎಳೆದ ಹಾಗೆ.

"ಎಚ್ಚರ ಅದಿಯೇನ್ಲೇ?"

"ಬರ್ಲಿ... ಬರ್ಲಿ..."

ಹಾಲೇಶನಿಗೆ ಭರಮಮ್ಮನ ಮಾತು ನೆನಪಿತ್ತು. ಮರೆತಿರಲಿಲ್ಲ. ಆದರೆ ತಾಡಪತ್ರಿಯ ತುದಿ ಬಿಚ್ಚಿಕೊಂಡಿತ್ತು. ಹನಿ ದಪ್ಪಗಾಗಿತ್ತು. ತಮ್ಮನ ದನಿ ತನಗೆ ಗೊತ್ತಾಗುವುದಿಲ್ಲವೇ?

ಕಾಲು ಮೇಲೆ ಎಳೆದುಕೊಂಡ. ರಿವರ್ಸ್ ಗೇರ್. ಕಟಕ್.

ಹಿಂದಿನ ಗಾಲಿ ಕೆಸರು ಒತ್ತಿದವು. ಪಚ... ಪಚ... ಪಚ...

"ಬರ್ಲಿ... ಬರ್ಲಿ... ಇನ್ನೊಂದೀಟು ಬರ್ಲಿ..."

ಫಟ್!

ಬಲಗಡೆ ಮಡ್‌ಗಾರ್ಡ್ ಮೇಲೆ. ಅಂಗೈ ಬಡಿದ ಸದ್ದು. ಹಾಲೇಶನ ಕಾಲು ತಾನಾಗಿ ಬ್ರೇಕ್ ತುಳಿಯಿತು. ಇಷ್ಟು ವರ್ಷದ ರೂಢಿ.

ಪಿನ್ನು ಬೀಳುವ ಸದ್ದಿಗೆ ಕಾದ... ಬೀಳಲಿಲ್ಲ.

"ಹಾಕಲೇ ಪಿನ್ನು!"

"ಬರ್ಲಿ..."

ಈಗ ದನಿ ಹಿಂದಿರಲಿಲ್ಲ. ಎಡಗಿವಿಯ ಹತ್ತಿರ ಇತ್ತು. ಪಿಸುಮಾತು.

"ಇನ್ನೊಂದೀಟು..."

ಒಮ್ಮೆ ತಟ್ಟಿದವನು ಮತ್ತೆ ಬಾ ಅನ್ನುವುದಿಲ್ಲ. ಯಾರೂ ಅನ್ನುವುದಿಲ್ಲ. ಹಾಲೇಶ ಬ್ರೇಕ್ ಬಿಡದೆ ಗೇರ್ ತೆಗೆದ. ಇಂಜಿನ್ ಬಂದ್ ಮಾಡಿ, ಮೊಬೈಲ್ ಬೆಳಕು ಹಿಡಿದು ಕೆಳಗೆ ಹಾರಿದ.

ಮುರುಗೇಶ ಟ್ರೇಲರಿನ ಮೂತಿಗೆ ತಲೆ ಇಟ್ಟು ಮಲಗಿದ್ದ. ದಿಂಬಿಗೆ ಇಟ್ಟ ಹಾಗೆ. ಮುಖದ ಮೇಲೆ ಟವೆಲ್ಲು. ಗೊರಕೆ. ಇಂಜಿನ್ನಿನ ಕೊಂಡಿಗೂ ಅವನ ತಲೆಗೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ.

ಹಾಲೇಶ ಎರಡೂ ಕಾಲು ಹಿಡಿದು ಅವನನ್ನು ಆಚೆ ಎಳೆದ. ಬರಿಗಾಲು. ಕೈಗೆ ಕೆಸರು ಹತ್ತಲಿಲ್ಲ. ಆಗ ಅದು ಅವನ ಲಕ್ಷ್ಯಕ್ಕೆ ಬರಲಿಲ್ಲ. ಕೆನ್ನೆಗೆ ಒಂದು ಕೊಟ್ಟ.

"ಯಣ್ಣಾ! ಯಾಕ ಹೊಡೀತಿ?"

"ಬರ್ಲಿ ಅಂದಿಯೇನ್ಲೇ?"

"ನಾನಾ? ನಾ ಮಲಗೀನಿ."

"ಮಲಗಾಕ ಬ್ಯಾರೆ ಜಾಗ ಸಿಗಲಿಲ್ಲೇನು?"

ಮುರುಗೇಶ ಸುತ್ತ ನೋಡಿದ. ನಿದ್ದೆ ಇನ್ನೂ ಬಿಟ್ಟಿರಲಿಲ್ಲ. "ನನ್ನ ಚಪ್ಪಲಿ ಎಲ್ಲಿ?" ಅಂದ. ಇಬ್ಬರೂ ಗಾಲಿಯ ಕೆಳಗೆಲ್ಲ ಬೆಳಕು ಹಿಡಿದರು. ಚಪ್ಪಲಿ ಇರಲಿಲ್ಲ.

"ಚಪ್ಪಲಿ ಹಾಳಾಗಿ ಹೋಗ್ಲಿ. ದೀಪದ ಮುಂದ ಹೋಗಿ ನಿಂದ್ರು. ನಾ ಹೇಳೋ ತನಕ ಅಲ್ಲಿಂದ ಅಳ್ಳಾಡಬ್ಯಾಡ."

ಮುರುಗೇಶ ಮುಂದೆ ಬೆಳಕಿನಲ್ಲಿ ನಿಂತ. ಹಾಲೇಶ ಒಬ್ಬನೇ ಜೋಡಿಸಿದ. ಒಂದೀಟು ಹಿಂದಕ್ಕೆ ಬರುವುದು. ಇಳಿದು ನೋಡುವುದು. ಮತ್ತೆ ಹತ್ತುವುದು. ಪಿನ್ನು ತಾನೇ ಹಾಕಿದ. ಠಣ್. ತಾಡಪತ್ರಿಯ ತುದಿ ಬಿಗಿದ. ಇಬ್ಬರೂ ಇಂಜಿನ್ ಮೇಲೆ ಒತ್ತಿಕೊಂಡು ಕೂತು ಕಂಪ್ಲಿಗೆ ಹೋದರು. ಮಳೆ ಹಿಂದೆಯೇ ಬಂತು. ಮಿಲ್ಲಿನ ಶೆಡ್ಡಿನೊಳಗೆ ಟ್ರೇಲರ್ ಸೇರಿದ ಮೇಲೆ ಜೋರಾಯಿತು. ಭತ್ತ ಉಳಿಯಿತು.

ಬೆಳಗಾಯಿತು. ಹಾಲೇಶ ಇಂಜಿನ್ನಿನ ಬಲ ಮಡ್‌ಗಾರ್ಡ್ ನೋಡಿದ.

ಒಂದು ಅಂಗೈ. ಐದು ಬೆರಳು. ಕೆಂಪು.

ಅವನ ಗದ್ದೆಯದು ಕರಿ ಮಣ್ಣು. ಕಮಲಾಪುರದಿಂದ ಕಂಪ್ಲಿಯವರೆಗೆ ಅಂಥ ಕೆಂಪು ಎಲ್ಲೂ ಇಲ್ಲ. ಅದು ಸಂಡೂರಿನ ಅದಿರಿನ ಧೂಳು. ಮಳೆಗೆ ತೊಳೆದು ಹೋಗಿರಲಿಲ್ಲ.

ಟ್ರೇಲರ್ ಮಿಲ್ಲಿನ ಸಾಲಿನಲ್ಲಿ ಬಿಟ್ಟು, ಮುರುಗೇಶನನ್ನು ಕಾವಲಿಗೆ ಕೂರಿಸಿ, ಇಂಜಿನ್ ವಾಪಸ್ ಒಯ್ದ. ಭರಮಮ್ಮ ಅಂಗಳಕ್ಕೆ ಬಂದಳು. ಮಡ್‌ಗಾರ್ಡ್ ಕಡೆಗೇ ಬಂದಳು.

"ಮುಖ ನೋಡಲಿಲ್ಲ ನೀನು."

ಹಾಲೇಶ ತಲೆ ತಗ್ಗಿಸಿದ.

"ಎಷ್ಟು ಸಲ ತಟ್ಟಿದ್ರು?"

"ಒಂದ ಸಲ."

ಆಕೆ ತನ್ನ ಅಂಗೈಯನ್ನು ಆ ಗುರುತಿನ ಮೇಲೆ ಇಟ್ಟಳು. ಅವಳದು ಸಣ್ಣದು. ಹಾಗೆಯೇ ನಿಂತಳು. ಒಂದು ಕೋಳಿ ಕಾಲಡಿ ಬಂದು ಹೋಯಿತು.

"ನಮ್ಮ ಮನಿಯವರು ನಿಂದ್ರಿಸ್ಯಾರ," ಅಂದಳು.

"ಅಮ್ಮ... ಬರ್ಲಿ ಅಂದೋರು ಯಾರ್ರಿ ಮತ್ತ?"

ಭರಮಮ್ಮ ಕೈ ತೆಗೆದಳು. ಸೆರಗಿಗೆ ಒರೆಸಿಕೊಳ್ಳಲಿಲ್ಲ.

"ಅವತ್ತ ಸಂಡೂರಾಗ ಅಂದದ್ದೂ ಅದಽ," ಅಂದಳು. ಕೀಲಿ ಇಸಿದುಕೊಂಡು ಒಳಗೆ ಹೋದಳು. ಬಾಡಿಗೆ ಕೇಳಲಿಲ್ಲ. ಅಗಳಿ ಬಿದ್ದ ಸದ್ದು ಕೇಳಿತು.

ಹಾಲೇಶ ಬಸ್ಸು ಹತ್ತಿ ಕಂಪ್ಲಿಗೆ ಬಂದಾಗ ಮಿಲ್ಲಿನಲ್ಲಿ ಅವನ ಪಾಳಿ ಬಂದಿತ್ತು. ಹಮಾಲರು ಮೇಲೆ ಹತ್ತಿ ತಾಡಪತ್ರಿ ಎಳೆದರು. ಒಬ್ಬ ನಕ್ಕ.

"ಯಾರ್ದಪ ಇದು? ಭತ್ತಕ್ಕ ಚಪ್ಪಲಿ ತೊಡಿಸೀರಲ್ಲ!"

ಭತ್ತದ ರಾಶಿಯ ನಡುವೆ ಒಬ್ಬ ಮನುಷ್ಯ ಮಲಗಿದಷ್ಟು ತಗ್ಗು. ಅದರ ಪಕ್ಕದಲ್ಲಿ ಮುರುಗೇಶನ ಚಪ್ಪಲಿ. ಜೋಡಿಯಾಗಿ.

"ಇಲ್ಲೇ ಅದಾವ!" ಅಂದ ಮುರುಗೇಶ. "ರಾತ್ರಿ ಇಲ್ಲೇ ಬಿಟ್ಟಿದ್ದೆ. ಇಲ್ಲೇ ಮಲಗಿದ್ದೆ ಅಲ್ಲಣ್ಣ, ತಾಡಪತ್ರಿ ಒಳಗ. ಬೆಚ್ಚಗಿತ್ತು."

ಹಾಲೇಶ ಅವನ ಕಾಲು ನೋಡಿದ. ರಾತ್ರಿ ಹಿಡಿದು ಎಳೆದಾಗ ಅದಕ್ಕೆ ಕೆಸರೇ ಇರಲಿಲ್ಲ. "ಮತ್ತ ಕೆಳಗ ಯಾವಾಗ ಇಳಿದಿ?"

"ನಾ ಇಳಿದಿಲ್ಲ."

ಇಷ್ಟೇ. ನಡೆದದ್ದು ನಡೆದ ಹಾಗೆ ಹೇಳಿದ್ದು. ಭತ್ತದ ದುಡ್ಡಲ್ಲಿ ಮುರುಗೇಶ ಬೇರೆ ಚಪ್ಪಲಿ ತಗೊಂಡ. ಹಳೆಯವು ಅವರ ಹಿತ್ತಲ ಗೋಡೆಯ ಮೇಲೆ ಇನ್ನೂ ಇವೆ. ಬಂದು ನೋಡಿ.