ನಾನೂರು ಕಡೆ ಒಂದೇ ಹೆಸರು

ಲಿಫ್ಟಿಗೆ ಕಾಯುತ್ತಿದ್ದೆ. ನನ್ನ ಮುಂದೆ ಅಂಕಿಅಂಶ ವಿಭಾಗದ ಇಬ್ಬರು ಹೆಂಗಸರು. ಹಿರಿಯಳ ಕೈಯಲ್ಲಿ ರಾಜೀನಾಮೆ ಪತ್ರವಿತ್ತು.

“ವರದಿಯಿಂದ ನಿಮ್ಮ ಹೆಸರು ಕಿತ್ತು ಸಾಹೇಬ ತನ್ನ ಹೆಸರು ಹಾಕ್ಕೊಂಡನಂತೆ. ಸುಮ್ಮನೆ ಬಿಟ್ರಾ ಅಕ್ಕಾ?”

“ಬಿಡ್ತೀನಾ? ಆ ವರದಿಯ ಲೆಕ್ಕ ಹಾಕೋ ಪ್ರೋಗ್ರಾಮಿನಲ್ಲಿ ಒಂದೊಂದು ಮಾಹಿತಿಗೂ ಒಂದು ಹೆಸರಿಡಬೇಕಲ್ಲ, ಆ ನಾನೂರು ವೇರಿಯಬಲ್ಲಿಗೂ ನನ್ನ ಹೆಸರು ಸೇರಿಸಿದೆ. ಮೊದಲು ನನ್ನ ಹೆಸರು, ಒಂದು ಅಡಿಗೆರೆ, ಆಮೇಲೆ ವಯಸ್ಸು, ತೂಕ, ರಕ್ತದೊತ್ತಡ.”

“ಕಂಪ್ಯೂಟರ್ ಒಪ್ಪುತ್ತಾ?”

“ಅಂಕಿಯಿಂದ ಶುರುವಾಗಬಾರದು, ನಡುವೆ ಜಾಗ ಬಿಡಬಾರದು, ಮೂವತ್ತೆರಡು ಅಕ್ಷರ ದಾಟಬಾರದು. ಅಷ್ಟೇ. ಯಾರ ಹೆಸರು ಅಂತ ಅದು ಕೇಳಲ್ಲ.”

“ಅವನು ಅಳಿಸಿಬಿಟ್ರೆ?”

“ಅವನಿಗೆ ಬರೋದೇ ಅಳಿಸೋದು. ಒಂದು ಅಳಿಸಿದರೂ ಇಡೀ ಲೆಕ್ಕ ನಿಂತುಹೋಗುತ್ತೆ.”

“ಅಯ್ಯೋ, ನಾಳೆ ನಿರ್ದೇಶಕರ ಮುಂದೆ ಅವನು ಆ ಪ್ರೋಗ್ರಾಮನ್ನೇ ಪರದೆ ಮೇಲೆ ತೋರಿಸಬೇಕಲ್ಲ!”

ಲಿಫ್ಟ್ ಬಂತು. ಹಿರಿಯಳು ಒಳಗೆ ಕಾಲಿಟ್ಟಳು.

“ಒಂದು ಕಡೆ ಇದ್ದಿದ್ದು ಬೇಡ ಅಂದನಲ್ಲ, ನಾನೂರು ಕಡೆ ಗಟ್ಟಿಯಾಗಿ ಓದಲಿ.”