ಮೇಣದ ಮೇಲೆ ಸೋಪು

ಸೋಪಿಗೆ ಹೋದ ಮಾನ ಮೇಣ ಕೊಟ್ಟರೂ ಬಾರದು. ಇದು ನಿಜವಾಗಿ ನಡೆದ ಕತೆ.

ಮೂಳೆ ಡಾಕ್ಟರ ಬಾಗಿಲಲ್ಲಿ ನನ್ನ ಪಕ್ಕ ಲಾಂಗ್‌ಬೋರ್ಡ್ ಸರ್ಫಿಂಗ್, ಅಂದ್ರೆ ಉದ್ದ ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡುವ ಕ್ಲಬ್ಬಿನ ಇಬ್ಬರು ಕೂತಿದ್ದರು: ಒಬ್ಬರು ಭಾವ, ಇನ್ನೊಬ್ಬ ಅವರ ಹೆಂಡತಿಯ ತಮ್ಮ. ಭಾವನ ಕೈ ಮುರಿದಿತ್ತು.

“ಭಾವ, ಕಾಲು ಜಾರದಿರಲಿ ಅಂತ ಹಲಗೆಗೆ ಮೇಣ ಬಳಿದಿದ್ರಲ್ಲ, ಅದರ ಮೇಲೆ ಸೋಪು ಉಜ್ಜಿದ್ದು ನಾನೇ. ತಮಾಷೆಗೆ.”

“ಈ ತಿಂಗಳ ಸವಾರಿ ನೋಡಿ ಕೋಚ್ ನಮ್ಮಲ್ಲಿ ಒಬ್ಬರನ್ನ ಪಂದ್ಯಕ್ಕೆ ಆರಿಸ್ತಾರೆ ಅಂತ ಗೊತ್ತಿತ್ತಲ್ವೇನೋ?”

“ಗೊತ್ತಿತ್ತು.”

“ಕೊನೆಗೆ ಯಾರನ್ನ ಆರಿಸಿದ್ರು?”

“ನನ್ನನ್ನೇ.”

“ಭೇಷ್, ಮಾವನ ಮನೆ ಉಡುಗೊರೆ! ನಿಮ್ಮಕ್ಕನಿಗೆ ಮಾತ್ರ ಹೇಳ್ಬೇಡ, ನೊಂದ್ಕೋತಾಳೆ.”

“ಸೋಪು ಕೊಟ್ಟಿದ್ದೇ ಅಕ್ಕ. ಒಂದ್ಸಲ ಸರಿಯಾಗಿ ಬಿದ್ರೆ ಭಾನುವಾರ ಮನೇಲಿರ್ತಾರೆ ಅಂದ್ಲು.”

ಕಾಯುತ್ತಿದ್ದ ನಾವೆಲ್ಲ ಕಿಸಕ್ಕನೆ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವರು ಭಾವ. ನರ್ಸ್ ಕರೆದಾಗ ಅವರು ಒಳಗೆ ಹೋದ ಮೇಲೂ ಆ ನಗು ನಿಲ್ಲಲಿಲ್ಲ.